ಕಾರ್ಡು ನಿಂದು, ರೊಕ್ಕ ಯಾರದು?

ಕಾಲೇಜುಗಳ ಬಾಗಿಲು ತೆರೆಯುವ ದಿನಗಳು ಬಂದವೆಂದರೆ ಗದಗ-ಬೆಟಗೇರಿಯ ಪೇಟೆಗೆ ಹೊಸ ಕಳೆ ಬರುತ್ತದೆ. ಮುಂಡರಗಿಯ ಬಸ್ಸು, ಲಕ್ಷ್ಮೇಶ್ವರದ ಬಸ್ಸು, ಶಿರಹಟ್ಟಿಯ ಬಸ್ಸು ಒಂದರ ಹಿಂದೊಂದು ಬಂದು ನಿಂತು, ಹೆಗಲಿಗೆ ಚೀಲ ಹಾಕಿದ ಹುಡುಗ-ಹುಡುಗಿಯರನ್ನು ಇಳಿಸಿ ಹೋಗುತ್ತವೆ. ಕೆಲವರು ಎಂಜಿನಿಯರಿಂಗ್ ಕಾಲೇಜಿನ ಕಡೆ, ಕೆಲವರು ಮೆಡಿಕಲ್ ಕಾಲೇಜಿನ ಕಡೆ, ಇನ್ನು ಕೆಲವರು ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಕಡೆ. ಉಳಿದವರು ಬಿ.ಎ., ಬಿ.ಕಾಂ. ತರಗತಿಗಳಿಗೆ. ಒಬ್ಬೊಬ್ಬರ ಕಿಸೆಯಲ್ಲೂ ಒಂದು ಮೊಬೈಲು, ಮೊಬೈಲಿನ ಕವಚದ ಹಿಂದೆ ಒಂದು ಪ್ಲಾಸ್ಟಿಕ್ ಕಾರ್ಡು.

ಇಂಥ ದಿನಗಳಲ್ಲಿ ಸ್ಟೇಷನ್ ರೋಡಿನ ಯಾವ ಅಂಗಡಿಯಲ್ಲಾದರೂ ಕೇಳಿಬರಬಹುದಾದ ಮಾತು ಇದು. ಹುಡುಗ ಒಂದು ಬಕೆಟ್ಟು, ಒಂದು ಚಾದರ, ಅರ್ಧ ಡಜನ್ ನೋಟಬುಕ್ಕು ಆರಿಸಿಟ್ಟುಕೊಂಡು ಗಲ್ಲೆಯ ಮುಂದೆ ನಿಲ್ಲುತ್ತಾನೆ.

“ಸಾವಕಾರ್ರ, ಕಾರ್ಡ್ ನಡೀತೈತೇನ್ರೀ?”

“ನಡೀತೈತಿ ತಮ್ಮಾ. ಒಂದ್ ಮಾತ್ ಕೇಳ್ತೀನಿ. ಇದರಾಗಿನ ರೊಕ್ಕ ನಿಂದೋ, ಬ್ಯಾಂಕಿನವರದೋ?”

ಹುಡುಗ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. “ಕಾರ್ಡ್ ನಂದರೀ” ಅನ್ನುತ್ತಾನೆ.

ಸಾವಕಾರರು ಕೇಳಿದ್ದು ಅದಲ್ಲ. ಕಾರ್ಡಿನ ಮೇಲೆ ಹೆಸರು ಯಾರದೇ ಇರಲಿ, ಒಳಗಿನ ರೊಕ್ಕ ಯಾರದು ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದ ವಿದ್ಯಾರ್ಥಿಗೆ ಕಾರ್ಡು ಸೇವಕ. ಗೊತ್ತಿಲ್ಲದವನಿಗೆ ಅದೇ ಸಾವಕಾರ.

ಖಾನಾವಳಿ ಪಾಸು, ಕಿರಾಣಿ ಉದ್ರಿ

ಕಾರ್ಡುಗಳ ಹೆಸರು ನೂರಾರು. ಬಣ್ಣ ಬೇರೆ, ಬ್ಯಾಂಕು ಬೇರೆ, ಜಾಹೀರಾತು ಬೇರೆ. ಆದರೆ ಜಾತಿ ಮೂರೇ. ಮೂರನ್ನೂ ಈ ಭಾಗದ ಜನ ಕಾರ್ಡು ಹುಟ್ಟುವ ಮೊದಲಿನಿಂದಲೇ ಬಲ್ಲರು.

ಖಾನಾವಳಿಯಲ್ಲಿ ತಿಂಗಳ ಮೊದಲಿಗೇ ರೊಕ್ಕ ಕಟ್ಟಿ ಪಾಸು ತೆಗೆದುಕೊಳ್ಳುತ್ತಾರೆ. ಒಂದು ಊಟಕ್ಕೆ ಒಂದು ಗೆರೆ. ಗೆರೆ ಮುಗಿದರೆ ಊಟ ಮುಗಿಯಿತು. ಪಾಸು ಕಳೆದರೆ ಅಷ್ಟೇ ನಷ್ಟ, ಸಾಲವಂತೂ ಇಲ್ಲ. ವಿದ್ಯಾರ್ಥಿಗಳ ಬಸ್ ಪಾಸೂ ಹೀಗೆಯೇ. ರೊಕ್ಕ ಮೊದಲು, ಪ್ರಯಾಣ ಆಮೇಲೆ. ಪ್ರಿಪೇಡ್ ಕಾರ್ಡು ಎಂಬುದು ಇದೇ. ಮೊದಲು ತುಂಬಬೇಕು, ತುಂಬಿದಷ್ಟೇ ಖರ್ಚು ಮಾಡಬೇಕು.

ಊರಿನ ಕಿರಾಣಿ ಅಂಗಡಿಯ ಉದ್ರಿ ವಹಿ ಇನ್ನೊಂದು ತರಹ. ಸಕ್ಕರೆ ಇಂದು, ರೊಕ್ಕ ಸುಗ್ಗಿಗೆ. ಅಂಗಡಿಕಾರ ಕೊಡುವುದು ಮಾಲನ್ನಷ್ಟೇ ಅಲ್ಲ, ನಂಬಿಕೆಯನ್ನೂ. ಕ್ರೆಡಿಟ್ ಕಾರ್ಡು ಎಂಬುದು ಈ ಉದ್ರಿ ವಹಿಯ ಪ್ಲಾಸ್ಟಿಕ್ ಅವತಾರ. ರೊಕ್ಕ ಬ್ಯಾಂಕಿನದು, ಖರ್ಚು ಹುಡುಗನದು, ತೀರಿಸುವ ಗಡುವು ಬಿಲ್ಲಿನ ಮೇಲಿನದು.

ಮೂರನೆಯದು ಡೆಬಿಟ್ ಕಾರ್ಡು, ಅಂದರೆ ಜನ ‘ಎಟಿಎಂ ಕಾರ್ಡು’ ಎನ್ನುವುದು. ಅದು ಬ್ಯಾಂಕಿನಲ್ಲಿಟ್ಟ ಸ್ವಂತ ರೊಕ್ಕದ ಕೀಲಿಕೈ.

‘ಪತ್ತು’ ಎಂಬ ಮಾತಿಗೆ ಗದಗ ಹೊಸತಲ್ಲ

ಕ್ರೆಡಿಟ್ ಎಂಬುದಕ್ಕೆ ಕನ್ನಡದಲ್ಲಿ ‘ಪತ್ತು’ ಎಂಬ ಒಳ್ಳೆಯ ಮಾತಿದೆ. ಪೇಟೆಯಲ್ಲಿ “ಅವನ ಪತ್ತು ಹೋಯಿತು” ಎಂದರೆ ಅವನಿಗೆ ಇನ್ನು ಯಾರೂ ಉದ್ರಿ ಕೊಡುವುದಿಲ್ಲ ಎಂದರ್ಥ. ಈ ಪತ್ತಿನ ವ್ಯವಹಾರದಲ್ಲಿ ಗದಗ ತಾಲೂಕು ದೇಶಕ್ಕೇ ದಾರಿ ತೋರಿಸಿದ್ದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರು ವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಮೊದಲ ಸಂಘವೆಂದು ಹೆಸರಾಯಿತು.

ಆ ಸಂಘದ ಹಿಂದಿನ ವಿಚಾರ ಸರಳ. ಖಾಸಗಿ ಸಾವಕಾರನ ಬಡ್ಡಿಗೆ ಸಿಕ್ಕಿದ ರೈತ ಮೇಲೇಳಲಾರ. ಊರಿನವರೇ ಕೂಡಿ, ಒಬ್ಬರನ್ನೊಬ್ಬರು ಬಲ್ಲವರು ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಂಡರೆ ಬಡ್ಡಿಯೂ ಮಿತಿಯಲ್ಲಿರುತ್ತದೆ, ತೀರಿಸುವ ನಾಚಿಕೆಯೂ ಇರುತ್ತದೆ. ಕಿರಾಣಿ ಅಂಗಡಿಕಾರನೂ ಹುಡುಗನ ಉದ್ರಿ ಹೆಚ್ಚಾದರೆ ಅವರಪ್ಪನಿಗೆ ಸಂತೆಯಲ್ಲಿ ಸಿಕ್ಕಾಗ ಒಂದು ಮಾತು ಹಾಕುತ್ತಾನೆ. ಕಾರ್ಡು ಕೊಟ್ಟ ಕಂಪನಿಗೆ ಈ ಕಣ್ಣಿಲ್ಲ. ಅದು ಹುಡುಗನ ಖರ್ಚು ಹೆಚ್ಚಾದರೆ ಮಿತಿಯನ್ನು ಏರಿಸುತ್ತೇವೆಂದು ಸಂದೇಶ ಕಳಿಸುತ್ತದೆ!

ಪ್ರಿಪೇಡ್: ಎಷ್ಟು, ಹೇಗೆ?

ಪ್ರಿಪೇಡ್ ಕಾರ್ಡು ಮತ್ತು ಮೊಬೈಲ್ ವಾಲೆಟ್ಟುಗಳಿಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್ 27ರಂದು ಒಂದೇ ಕಡೆ ನಿಯಮ ಕಟ್ಟಿಕೊಟ್ಟಿತು. ಅದರಂತೆ ಇವು ಎರಡು ದರ್ಜೆಯವು. ಮೊದಲನೆಯದು ಸಣ್ಣದು. ಮೊಬೈಲ್ ನಂಬರು ಮತ್ತು ಒಂದು ಗುರುತಿನ ದಾಖಲೆಯ ನಂಬರು ಕೊಟ್ಟರೆ ಸಾಕು, ತೆರೆಯುತ್ತದೆ. ಅದರಲ್ಲಿ ಯಾವಾಗಲೂ 10,000 ರೂ.ಗಿಂತ ಹೆಚ್ಚು ಇರಕೂಡದು. ತಿಂಗಳಿಗೆ ತುಂಬುವುದೂ 10,000 ರೂ. ಮೀರಬಾರದು, ವರ್ಷಕ್ಕೆ 1,20,000 ರೂ. ಮೀರಬಾರದು. ಇದರಿಂದ ಸಾಮಾನು ಕೊಳ್ಳಬಹುದು, ನಗದು ತೆಗೆಯುವಂತಿಲ್ಲ, ಇನ್ನೊಬ್ಬರಿಗೆ ಕಳಿಸುವಂತಿಲ್ಲ.

ಎರಡನೆಯದು ಪೂರ್ತಿ ಕೆವೈಸಿ ಮಾಡಿಸಿದ್ದು. ಅದರಲ್ಲಿ 2 ಲಕ್ಷ ರೂ.ವರೆಗೆ ಇಡಬಹುದು. ಅಂಗಡಿಗಳಲ್ಲಿ ಸಿಗುವ ಉಡುಗೊರೆ ಕಾರ್ಡಿಗೆ 10,000 ರೂ. ಮಿತಿ, ಖಾಲಿಯಾದ ಮೇಲೆ ಮತ್ತೆ ತುಂಬಲು ಬರುವುದಿಲ್ಲ.

ಲಕ್ಷ್ಮೇಶ್ವರದಿಂದ ಗದಗಿಗೆ ಮಗಳನ್ನು ಓದಲು ಕಳಿಸಿದ ತಾಯಿಯ ದೃಷ್ಟಿಯಿಂದ ನೋಡಿದರೆ ಪ್ರಿಪೇಡ್ ಕಾರ್ಡು ಲಗಾಮಿದ್ದ ಕುದುರೆ. ತಿಂಗಳಿಗೆ 3,000 ರೂ. ತುಂಬಿದರೆ ಖರ್ಚೂ 3,000 ರೂ. ಮೀರುವುದಿಲ್ಲ. ಕಾರ್ಡು ಕಳೆದರೂ, ಯಾರೋ ಫೋನ್ ಮಾಡಿ ಓಟಿಪಿ ಕೇಳಿ ಮೋಸ ಮಾಡಿದರೂ, ಹೋಗುವುದು ಒಳಗಿದ್ದಷ್ಟೇ. ಮನೆಯ ಉಳಿತಾಯ ಖಾತೆಗೆ ಕೈ ಹಾಕಲು ಆಗುವುದಿಲ್ಲ.

ಹಾಗೆಂದು ದೋಷವೇ ಇಲ್ಲವೆಂದಲ್ಲ. ತುಂಬಿಟ್ಟ ರೊಕ್ಕಕ್ಕೆ ಬಡ್ಡಿ ಬರುವುದಿಲ್ಲ. ಬ್ಯಾಂಕಲ್ಲದ ಕಂಪನಿಯ ವಾಲೆಟ್ಟಿನಲ್ಲಿಟ್ಟ ರೊಕ್ಕ ಬ್ಯಾಂಕ್ ಠೇವಣಿಯಲ್ಲ; ಹಾಗಾಗಿ ಬ್ಯಾಂಕ್ ಠೇವಣಿದಾರನಿಗೆ 2020ರಿಂದ ಸಿಗುತ್ತಿರುವ 5 ಲಕ್ಷ ರೂ. ವಿಮೆಯ ಆಸರೆ ಅದಕ್ಕೆ ಇಲ್ಲ. ಕೆಲವು ಕಂಪನಿಗಳು ಕಾರ್ಡು ಕೊಡಲು ಇಷ್ಟು, ತುಂಬಲು ಇಷ್ಟು, ವರ್ಷಕ್ಕೆ ಇಷ್ಟು ಎಂದು ಶುಲ್ಕ ಹಾಕುತ್ತವೆ. ತಿಂಗಳಿಗೆ ಎರಡು-ಮೂರು ಸಾವಿರ ಖರ್ಚು ಮಾಡುವ ವಿದ್ಯಾರ್ಥಿಗೆ ಈ ಶುಲ್ಕವೇ ನಾಲ್ಕು ದಿನದ ಊಟ. ಕೊಳ್ಳುವ ಮೊದಲು ಶುಲ್ಕದ ಪಟ್ಟಿ ಓದಿದವನೇ ಜಾಣ.

ಪ್ರಿಪೇಡ್ ವೇಷದಲ್ಲಿ ಬಂದ ಸಾಲ

ಇನ್ನೊಂದು ಸೂಕ್ಷ್ಮವನ್ನು ಪಾಲಕರು ಮರೆಯಬಾರದು. 2022ಕ್ಕೆ ಮೊದಲು ಕೆಲವು ಕಂಪನಿಗಳು ಸಂಬಳದ ಚೀಟಿ ಇಲ್ಲದ ಎಳೆಯರನ್ನು, ಅವರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೂ, ಗುರಿಯಾಗಿಸಿ ಒಂದು ಹೊಸ ಕಾರ್ಡು ಹೊರತಂದವು. ಕಾಗದದ ಮೇಲೆ ಅದು ಪ್ರಿಪೇಡ್. ಆದರೆ ಒಳಗೆ ರೊಕ್ಕ ತುಂಬುತ್ತಿದ್ದುದು ಹುಡುಗನಲ್ಲ, ಅವನ ಹೆಸರಿನಲ್ಲಿ ಸಾಲ ಕೊಡುವ ಸಂಸ್ಥೆ. ಒಂದೊಂದು ಖರ್ಚೂ ಒಂದೊಂದು ಸಾಲ. ಖಾನಾವಳಿಯ ಪಾಸು ಎಂದುಕೊಂಡು ಕೈಗೆ ತೆಗೆದುಕೊಂಡಿದ್ದು ಉದ್ರಿ ವಹಿಯಾಗಿತ್ತು!

2022ರ ಜೂನ್ 20ರಂದು ರಿಸರ್ವ್ ಬ್ಯಾಂಕು ಇದಕ್ಕೆ ತಡೆ ಹಾಕಿತು. ಬ್ಯಾಂಕಲ್ಲದ ಕಂಪನಿಗಳ ಪ್ರಿಪೇಡ್ ಸಾಧನಗಳನ್ನು ಸಾಲದ ರೊಕ್ಕದಿಂದ ತುಂಬುವಂತಿಲ್ಲ ಎಂದು ತಿಳಿಸಿತು. ಆ ತರಹದ ಕಾರ್ಡುಗಳು ನಿಂತವು. ಆದರೆ ‘ಈಗ ತಗೊ, ಆಮೇಲೆ ಕೊಡು’ ಎಂಬ ಗುಂಡಿ ಮೊಬೈಲಿನಲ್ಲಿ ಬೇರೆ ಬೇರೆ ರೂಪದಲ್ಲಿ ಇನ್ನೂ ಇದೆ. ಗುಂಡಿಯ ಹೆಸರು ಏನೇ ಇರಲಿ, ಹಿಂದಿನಿಂದ ಕೊಡುವ ರೊಕ್ಕವೆಲ್ಲ ಸಾಲವೇ.

ಸಂಬಳವಿಲ್ಲದವನಿಗೆ ಕ್ರೆಡಿಟ್ ಕಾರ್ಡು ಹೇಗೆ?

ಭಾರತದಲ್ಲಿ ಬ್ಯಾಂಕೊಂದು ತನ್ನದೇ ಕ್ರೆಡಿಟ್ ಕಾರ್ಡು ಕೊಡಲು ಆರಂಭಿಸಿದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ. ಆಗ ಅದು ದೊಡ್ಡ ಊರಿನ ದೊಡ್ಡ ಕುಳಗಳ ವಸ್ತು. ಇಂದು ಮುಂಡರಗಿಯ ಹುಡುಗನ ಮೊಬೈಲಿಗೂ “ನಿಮಗಾಗಿ ಕಾರ್ಡು ಮಂಜೂರಾಗಿದೆ” ಎಂಬ ಸಂದೇಶ ಬರುತ್ತದೆ.

ವಿದ್ಯಾರ್ಥಿಗೆ ದುಡಿಮೆ ಇಲ್ಲ. ಹದಿನೆಂಟು ತುಂಬದವನ ಜತೆ ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಹೀಗಿದ್ದೂ ಕ್ರೆಡಿಟ್ ಕಾರ್ಡು ಸಿಗುವ ದಾರಿಗಳು ಎರಡಿವೆ. ಒಂದು, ಹದಿನೆಂಟು ತುಂಬಿದವನು ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಇಟ್ಟು ಅದರ ಭದ್ರತೆಯ ಮೇಲೆ ಕಾರ್ಡು ಪಡೆಯುವುದು. ಠೇವಣಿಯ ಹೆಚ್ಚು ಪಾಲಿನಷ್ಟು ಮಿತಿ ಸಿಗುತ್ತದೆ. ಎಷ್ಟು ಎಂಬುದು ಆಯಾ ಬ್ಯಾಂಕಿನ ಪದ್ಧತಿ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಬಾಕಿ ಉಳಿಸಿದರೆ ಬ್ಯಾಂಕು ಠೇವಣಿಯಿಂದಲೇ ಮುರಿದುಕೊಳ್ಳುತ್ತದೆ. ಎರಡು, ಅಪ್ಪ ಅಥವಾ ಅವ್ವನ ಕಾರ್ಡಿಗೆ ಜೋಡಿ ಕಾರ್ಡು ಪಡೆಯುವುದು. ಇದರಲ್ಲಿ ಖರ್ಚು ಮಗನದಾದರೂ ಹೊಣೆಯೆಲ್ಲ ಮೂಲ ಕಾರ್ಡಿನವರದು. ಶಿರಹಟ್ಟಿಯಲ್ಲಿ ಕೂತ ಅಪ್ಪನಿಗೆ ಬಿಲ್ಲು ಬಂದಾಗಲೇ ಮಗನ ಕಾಲೇಜು ಜೀವನದ ಪರಿಚಯ!

ನೂರಕ್ಕೆ ಮೂರೂವರೆ

ಕ್ರೆಡಿಟ್ ಕಾರ್ಡು ಒಂದು ಷರತ್ತಿನ ಮೇಲೆ ಪುಕ್ಕಟೆ ಸಾಲ. ಖರೀದಿಯ ದಿನ ನೋಡಿ ಸುಮಾರು 20ರಿಂದ 50 ದಿನ ಬಡ್ಡಿ ಇಲ್ಲ. ಗಡುವಿನೊಳಗೆ ಬಿಲ್ಲಿನ ಪೂರ್ತಿ ರೊಕ್ಕ ಕಟ್ಟಿದರೆ ಬ್ಯಾಂಕಿಗೆ ಬಡ್ಡಿಯೆಂದು ಒಂದು ಪೈಸೆಯೂ ಕೊಡಬೇಕಿಲ್ಲ. ಪೂರ್ತಿ ಎಂಬ ಮಾತಿಗೆ ಇಲ್ಲಿ ಅಡಿಗೆರೆ ಹಾಕಬೇಕು.

ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಒಟ್ಟು ಬಾಕಿ. ಇನ್ನೊಂದು ‘ಕನಿಷ್ಠ ಪಾವತಿ’. ಕನಿಷ್ಠ ಎಂಬುದು ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು. ಹುಡುಗನ ಕಣ್ಣು ಬೀಳುವುದು ಈ ಸಣ್ಣ ಅಂಕಿಯ ಮೇಲೆ. ಇಲ್ಲಿಯೇ ಗಾಳ.

ಒಂದು ಲೆಕ್ಕ ನೋಡಿ. ಒಬ್ಬ ವಿದ್ಯಾರ್ಥಿ 20,000 ರೂ. ಮೊಬೈಲನ್ನು ಕಾರ್ಡಿನ ಮೇಲೆ ಕೊಂಡ ಎಂದಿಟ್ಟುಕೊಳ್ಳಿ. ಬಿಲ್ಲು ಬಂದಾಗ ಪೂರ್ತಿ ಕಟ್ಟಲಾಗದೆ ತಿಂಗಳಿಗೆ 1,000 ರೂ. ಮಾತ್ರ ಕಟ್ಟುತ್ತ ಹೋದ. ಬಡ್ಡಿ ತಿಂಗಳಿಗೆ ಶೇ. 3.5, ಹಲವು ಕಾರ್ಡುಗಳಲ್ಲಿ ಇರುವ ದರವೇ ಇದು. ಪೇಟೆಯ ಭಾಷೆಯಲ್ಲಿ ‘ನೂರಕ್ಕೆ ಮೂರೂವರೆ’. ಮೊದಲ ತಿಂಗಳ ಬಡ್ಡಿ 700 ರೂ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 126 ರೂ. ಒಟ್ಟು 826. ಕಟ್ಟಿದ ಸಾವಿರದಲ್ಲಿ ಅಸಲಿಗೆ ಮುರಿದದ್ದು ಬರೇ 174 ರೂ.!

ಹೀಗೆ ಒಂದು ವರ್ಷ ತಪ್ಪದೆ 12,000 ರೂ. ಕಟ್ಟಿದ ಮೇಲೂ ಬಾಕಿ ಸುಮಾರು 17,400 ರೂ. ಉಳಿದಿರುತ್ತದೆ. ಸಾಲ ಪೂರ್ತಿ ತೀರಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಕಟ್ಟಿದ ಒಟ್ಟು ಮೊತ್ತ 43,000 ರೂ. ದಾಟುತ್ತದೆ. ಮೂರು ವರ್ಷದ ಡಿಗ್ರಿ ಮುಗಿಯುತ್ತದೆ, ಮೊಬೈಲು ಕೆಟ್ಟು ಮೂಲೆಗೆ ಬೀಳುತ್ತದೆ, ಸಾಲ ಮಾತ್ರ ಜೀವಂತ.

ಇಷ್ಟೇ ಅಲ್ಲ. ಬಾಕಿ ಉಳಿಸಿದವನಿಗೆ ಹೊಸ ಖರೀದಿಯ ಮೇಲಿನ ಬಡ್ಡಿರಹಿತ ದಿನಗಳೂ ಹೋಗುತ್ತವೆ. ಇಂದು ಕೊಂಡ ನೋಟಬುಕ್ಕಿಗೂ ಇಂದಿನಿಂದಲೇ ಬಡ್ಡಿ. ಕಾರ್ಡು ಹಾಕಿ ಎಟಿಎಂನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಅದರ ಮೇಲೆ ಬೇರೆ ಶುಲ್ಕ. ನಗದಿಗಾಗಿ ಕ್ರೆಡಿಟ್ ಕಾರ್ಡು ಮುಟ್ಟಬಾರದು ಎಂಬುದನ್ನು ಮಕ್ಕಳಿಗೆ ಕಾರ್ಡು ಕೊಡುವ ದಿನವೇ ಹೇಳಬೇಕು.

ಖಾಸಗಿ ಬಡ್ಡಿ ವ್ಯವಹಾರದ ಕಾಟ ಎಂಥದೆಂಬುದು ಗದಗ-ಬೆಟಗೇರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಅವಳಿ ನಗರದಲ್ಲಿ ಬಡ್ಡಿ ವ್ಯವಹಾರದವರ ಮೇಲೆ ಪೊಲೀಸರ ದಾಳಿಗಳಾದವು. ಅದೇ ತಿಂಗಳು ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಓಣಿಯ ಬಡ್ಡಿಯವನು ನೂರಕ್ಕೆ ಮೂರು ಎಂದರೆ ಜನ ಹೌಹಾರುತ್ತಾರೆ. ಹೊಳೆಯುವ ಕಾರ್ಡು ನೂರಕ್ಕೆ ಮೂರೂವರೆ ಎಂದರೆ ಯಾರೂ ಕೇಳುವುದಿಲ್ಲ, ಏಕೆಂದರೆ ಅದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30 ಮೀರಿ ಬಡ್ಡಿ ಹಾಕುವುದು ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಆಯೋಗ ಹಾಕಿದ್ದ ಗೆರೆ ಅಳಿಸಿತು. ಹುಡುಗನ ಕೈಯಲ್ಲಿರುವ ಗೆರೆ ಒಂದೇ: ಪೂರ್ತಿ ಕಟ್ಟುವುದು.

ಪತ್ತು ಹೋದರೆ ನೌಕರಿಗೂ ಕುತ್ತು

ಉದ್ರಿ ಕೆಟ್ಟರೆ ಮೊದಲು ಒಂದು ಊರಿಗೆ ಗೊತ್ತಾಗುತ್ತಿತ್ತು. ಈಗ ದೇಶಕ್ಕೆಲ್ಲ ಗೊತ್ತಾಗುತ್ತದೆ. ಯಾರು ಎಷ್ಟು ಸಾಲ ತೆಗೆದರು, ಯಾವ ತಿಂಗಳು ತಪ್ಪಿಸಿದರು ಎಂಬ ಕೀರ್ದಿಯನ್ನು ಸಿಬಿಲ್ ಮುಂತಾದ ಸಂಸ್ಥೆಗಳು ಇಡುತ್ತವೆ. ಇದಕ್ಕೆ 2005ರ ಕಾನೂನಿನ ಆಧಾರವಿದೆ. ಬರೇ 500 ರೂ. ಬಾಕಿ ಮರೆತರೂ ಅದು ಕೀರ್ದಿಗೆ ಏರಬಹುದು.

ಗದಗ, ಧಾರವಾಡಗಳಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರು ಬಹಳ. ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕ್ ನೇಮಕಾತಿಯ ಅಧಿಸೂಚನೆಗಳಲ್ಲಿ, ಸೇರುವ ಹೊತ್ತಿಗೆ ಅಭ್ಯರ್ಥಿಯ ಸಾಲದ ದಾಖಲೆ ಶುದ್ಧವಾಗಿರಬೇಕು ಎಂಬ ಷರತ್ತು ಬರುತ್ತಿದೆ. ಹತ್ತೊಂಬತ್ತರಲ್ಲಿ ಮಾಡಿದ ಮೊಬೈಲ್ ಸಾಲ ಇಪ್ಪತ್ತಮೂರರಲ್ಲಿ ನೌಕರಿಯ ಬಾಗಿಲಲ್ಲಿ ಅಡ್ಡ ನಿಲ್ಲಬಹುದು. ಮುಂದೆ ಮನೆ ಸಾಲಕ್ಕೂ, ಅಂಗಡಿ ಸಾಲಕ್ಕೂ ಇದೇ ಕೀರ್ದಿ ತೆಗೆಯುತ್ತಾರೆ. ವರ್ಷಕ್ಕೊಮ್ಮೆ ತನ್ನ ವರದಿಯನ್ನು ಪುಕ್ಕಟೆಯಾಗಿ ನೋಡುವ ಹಕ್ಕು ಪ್ರತಿಯೊಬ್ಬನಿಗೂ 2017ರಿಂದ ಇದೆ. ನೋಡುವವರು ಕಡಿಮೆ.

ಇದೇ ಮಾತಿಗೆ ಒಳ್ಳೆಯ ಮಗ್ಗುಲೂ ಇದೆ. ಠೇವಣಿಯ ಮೇಲೆ ಸಣ್ಣ ಮಿತಿಯ ಕಾರ್ಡು ಪಡೆದು, ತಿಂಗಳಿಗೆ ಐದುನೂರು ರೂ. ಪುಸ್ತಕ ಕೊಂಡು, ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟುವವನ ಪತ್ತು ಓದು ಮುಗಿಯುವ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಅಮೆರಿಕದವರು ಕಲಿತ ಪಾಠ

ಕಾರ್ಡಿನ ತವರೆನಿಸಿದ ಅಮೆರಿಕದಲ್ಲಿ ಒಂದು ಕಾಲಕ್ಕೆ ಕಾಲೇಜು ಆವರಣದಲ್ಲೇ ಮೇಜು ಹಾಕಿ, ಅಂಗಿ-ಟೋಪಿ ಪುಕ್ಕಟೆ ಹಂಚಿ, ವಿದ್ಯಾರ್ಥಿಗಳಿಗೆ ಕಾರ್ಡಿನ ಅರ್ಜಿ ಬರೆಸಿಕೊಳ್ಳುತ್ತಿದ್ದರು. ಹುಡುಗರ ಸಾಲ ಬೆಳೆಯಿತು. ಕಡೆಗೆ 2009ರಲ್ಲಿ ಅಲ್ಲಿ ಕಾನೂನು ಬಂತು. ಇಪ್ಪತ್ತೊಂದು ತುಂಬದವರಿಗೆ ಸ್ವಂತ ಆದಾಯವಾಗಲಿ, ಹೊಣೆ ಹೊರುವ ಹಿರಿಯರ ಸಹಿಯಾಗಲಿ ಇಲ್ಲದೆ ಕಾರ್ಡು ಕೊಡುವಂತಿಲ್ಲ. ಆವರಣದಲ್ಲಿ ಉಡುಗೊರೆಯ ಆಸೆ ತೋರಿಸುವಂತಿಲ್ಲ ಎಂದಾಯಿತು.

ಭಾರತದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳು ಬೇರೆ ರೀತಿಯ ಕಾವಲು ಹಾಕಿವೆ. ಕೇಳದೆ ಕಾರ್ಡು ಕಳಿಸುವಂತಿಲ್ಲ. ಕಳಿಸಿ ಬಿಲ್ಲು ಹಾಕಿದರೆ ಅದನ್ನು ವಾಪಸು ಪಡೆಯುವುದಷ್ಟೇ ಅಲ್ಲ, ಅದರ ಎರಡು ಪಟ್ಟು ದಂಡವನ್ನೂ ಕೊಡಬೇಕು. ಬಾಕಿ ಇಲ್ಲದ ಗ್ರಾಹಕ ಕಾರ್ಡು ಬಂದ್ ಮಾಡಿ ಎಂದು ಕೇಳಿದ ಮೇಲೆ 7 ಕೆಲಸದ ದಿನಗಳಲ್ಲಿ ಮಾಡದಿದ್ದರೆ ದಿನಕ್ಕೆ 500 ರೂ. ದಂಡ. ಕನಿಷ್ಠ ಮೊತ್ತವಷ್ಟೇ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನ ಮೇಲೆ ಅಚ್ಚು ಮಾಡಬೇಕು. ಅಚ್ಚು ಮಾಡಿರುತ್ತಾರೆ. ಓದುವುದು ವಿದ್ಯಾರ್ಥಿಯ ಕೆಲಸ. ಓದಲೆಂದೇ ಅಲ್ಲವೇ ಅವನು ಗದಗಿಗೆ ಬಂದಿರುವುದು?

ಹಾಗಾದರೆ ಕೈಯಲ್ಲಿ ಏನಿರಬೇಕು?

ಬಹುಪಾಲು ವಿದ್ಯಾರ್ಥಿಗಳಿಗೆ ಉಳಿತಾಯ ಖಾತೆಯ ರುಪೇ ಡೆಬಿಟ್ ಕಾರ್ಡೇ ಸಾಕು. 2020ರ ಅಕ್ಟೋಬರ್ 1ರಿಂದ ಕಾರ್ಡಿನ ಆನ್‌ಲೈನ್ ಬಳಕೆ, ಹೊರದೇಶದ ಬಳಕೆಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ, ದಿನದ ಮಿತಿ ಹಾಕಿಕೊಳ್ಳುವ ಸೌಲಭ್ಯ ಕಡ್ಡಾಯವಾಗಿದೆ. ವಿದ್ಯಾರ್ಥಿವೇತನ ಬರುವ ಖಾತೆಯನ್ನು ಬೇರೆ ಇಟ್ಟು, ದಿನದ ಖರ್ಚಿಗೆ ಸಣ್ಣ ಪ್ರಿಪೇಡ್ ವಾಲೆಟ್ಟು ಇಟ್ಟುಕೊಂಡರೆ ಇನ್ನೂ ಭದ್ರ.

2024ರಲ್ಲಿ ಬಂದ ‘ಯುಪಿಐ ಸರ್ಕಲ್’ ಎಂಬ ಏರ್ಪಾಡು ಪಾಲಕರಿಗೆ ಅನುಕೂಲದ್ದು. ಅಪ್ಪ ತನ್ನ ಖಾತೆಯಿಂದ ಮಗಳು ಪಾವತಿ ಮಾಡಲು ಅನುಮತಿ ಕೊಡಬಹುದು. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000 ರೂ., ಒಂದು ಸಲಕ್ಕೆ 5,000 ರೂ. ಎಂಬ ಮಿತಿಯೊಂದಿಗೆ ಅದು ಬಂದಿದೆ. ಬೇಕಾದರೆ ಪ್ರತಿ ಪಾವತಿಗೂ ಅಪ್ಪನೇ ಒಪ್ಪಿಗೆ ಒತ್ತುವ ಹಾಗೆಯೂ ಇಡಬಹುದು. ಮಗಳು ಗದಗಿನಲ್ಲಿ ಮಿರ್ಚಿ-ಗಿರ್ಮಿಟ್ ತಿಂದರೆ ಮುಂಡರಗಿಯ ಅಂಗಡಿಯಲ್ಲಿ ಕೂತ ಅಪ್ಪನ ಮೊಬೈಲು ಗುಣುಗುಡುತ್ತದೆ!

ಕಾಲೇಜು ಫೀ, ಹಾಸ್ಟೆಲ್ ಫೀಯಂಥ ದೊಡ್ಡ ಖರ್ಚಿಗೆ ಮಾತ್ರ ಯಾವ ಕಾರ್ಡೂ ಸಲ್ಲದು. ಅದಕ್ಕೆ ಶಿಕ್ಷಣ ಸಾಲ ಇದೆ. ಅದರ ಬಡ್ಡಿ ವರ್ಷಕ್ಕೆ. ಕಾರ್ಡಿನ ಬಡ್ಡಿ ತಿಂಗಳಿಗೆ. ಓದು ಮುಗಿಯುವವರೆಗೆ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡವಿಲ್ಲದೆ ಸಾಲ ಸಿಗುತ್ತದೆ. ಫೀ ಕಟ್ಟಲು ಕಾರ್ಡು ಉಜ್ಜುವ ಮೊದಲು ಬ್ಯಾಂಕಿನ ಮೆಟ್ಟಿಲು ಹತ್ತಿ ಕೇಳಿದರೆ ನಷ್ಟವಿಲ್ಲ.

ಅಂಗಡಿಕಾರರಿಗೆ ಎರಡು ಮಾತು

ಗಲ್ಲೆಯ ಈಚೆ ಕೂತವರಿಗೂ ಇದರಲ್ಲಿ ಲೆಕ್ಕವಿದೆ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ, ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೂ ಅಂಗಡಿಕಾರ ಕಮಿಷನ್ ಕೊಡಬೇಕಿಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಕೊಡಬೇಕು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾಗಿರುವುದರಿಂದ, ಗೋಡೆಗೆ ಅಂಟಿಸಿದ ಅದೇ ಕ್ಯೂಆರ್ ಚೀಟಿಯಲ್ಲಿ ಸಾಲದ ರೊಕ್ಕವೂ ಬರಬಹುದು. ಸಣ್ಣ ಅಂಗಡಿಗಳಿಗೆ 2,000 ರೂ.ವರೆಗೆ ಕಮಿಷನ್ ಇಲ್ಲ, ಮೇಲಿನದಕ್ಕೆ ಉಂಟು. ತಿಂಗಳ ಲೆಕ್ಕದಲ್ಲಿ ಎಲ್ಲಿ ಮುರಿದರು ಎಂದು ತಲೆ ಕೆರೆದುಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಎರಡನೆಯ ಮಾತು. “ಸಾವಕಾರ್ರ, ಸಾಮಾನು ಬ್ಯಾಡ. ಕಾರ್ಡ್ ಉಜ್ಜಿ ರೊಕ್ಕ ಕೊಡ್ರಿ, ನಿಮ್ಮ ಕಮಿಷನ್ ನೀವ್ ಮುರ್ಕೋರ್ರಿ” ಎಂದು ಯಾವನಾದರೂ ಹುಡುಗ ಬಂದರೆ ಅವನನ್ನು ಗಿರಾಕಿ ಎಂದು ತಿಳಿಯಬಾರದು. ಅವನು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಹಂತಕ್ಕೆ ಬಂದಿದ್ದಾನೆ. ಮಾಲು ಕೊಡದೆ ಕಾರ್ಡು ಉಜ್ಜುವುದು ಯಂತ್ರ ಕೊಟ್ಟ ಬ್ಯಾಂಕಿನ ಕರಾರಿಗೆ ವಿರುದ್ಧ, ಯಂತ್ರವೇ ಹೋಗಬಹುದು. ಅಂಥವನಿಗೆ “ಅಪ್ಪಗ ಫೋನ್ ಹಚ್ಚು ತಮ್ಮಾ” ಎನ್ನುವ ಅಂಗಡಿಕಾರನೇ ಹಳೆಯ ಉದ್ರಿ ವಹಿಯ ಮರ್ಯಾದೆ ಉಳಿಸಿದವನು.

ಕಳೆದರೆ, ಮೋಸವಾದರೆ

ಬಸ್ಸಿನ ನೂಕುನುಗ್ಗಲಲ್ಲಿ ಕಾರ್ಡು ಹೋಯಿತೆಂದರೆ ಊರು ಮುಟ್ಟುವವರೆಗೂ ಕಾಯಬಾರದು. 2021ರಿಂದ 5,000 ರೂ.ವರೆಗೆ ಪಿನ್ ಒತ್ತದೆಯೇ ಕಾರ್ಡು ತಾಗಿಸಿ ಖರ್ಚು ಮಾಡಲು ಬರುತ್ತದೆ. ಆ ಸೌಲಭ್ಯ ತೆರೆದಿಟ್ಟಿದ್ದರೆ ಕಳ್ಳನಿಗೂ ಅದೇ ಅನುಕೂಲ. ಆ ಕ್ಷಣವೇ ಬ್ಯಾಂಕಿಗೆ ಫೋನ್ ಮಾಡಿ ಬಂದ್ ಮಾಡಿಸಬೇಕು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರು ಮಾಡಿದ ಮೋಸವನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ ಎಂಬುದು ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಆದೇಶ. ಓಟಿಪಿಯನ್ನು ಬಾಯಿಬಿಟ್ಟು ತಾನೇ ಹೇಳಿದ್ದರೆ ಮಾತು ಬೇರೆ. ಆನ್‌ಲೈನ್ ವಂಚನೆಗೆ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಬ್ಯಾಂಕು 30 ದಿನಗಳಲ್ಲಿ ದೂರಿಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಬಹುದು, ವಿಚಾರಣೆಗೆ 14448.

ಸಂಜೆ ಕಡೆಯ ಬಸ್ಸು ಹಿಡಿದು ಶಿರಹಟ್ಟಿಗೋ ಲಕ್ಷ್ಮೇಶ್ವರಕ್ಕೋ ಹೊರಟ ಪಾಲಕರು, ಮಗನನ್ನು ರೂಮಿನಲ್ಲಿ ಬಿಟ್ಟು ಬರುವಾಗ ಹೇಳುವ ಮಾತುಗಳು ಬಹಳ. ಹೊತ್ತಿಗೆ ಸರಿಯಾಗಿ ಉಣ್ಣು, ಚಂದಾಗಿ ಓದು, ಕೆಟ್ಟವರ ಸಂಗ ಮಾಡಬ್ಯಾಡ. ಅವುಗಳ ಜತೆಗೆ ಇನ್ನೊಂದು ಸೇರಿಸಿದರೆ ಭಾರವಾಗದು. ಕಾರ್ಡು ತೆಗೆಯುವ ಮೊದಲು ಒಂದು ಕ್ಷಣ ನಿಂತು ತನ್ನನ್ನೇ ಕೇಳಿಕೊಳ್ಳಲಿ: ಇದರಾಗಿನ ರೊಕ್ಕ ನಂದೋ, ಬ್ಯಾಂಕಿನವರದೋ? ನಂದು ಎಂದಾದರೆ ಇದ್ದಷ್ಟು ಖರ್ಚು ಮಾಡಲಿ. ಬ್ಯಾಂಕಿನದು ಎಂದಾದರೆ, ಬಿಲ್ಲು ಬಂದ ದಿನ ಪೂರ್ತಿ ಕಟ್ಟುವಷ್ಟು ಕಿಸೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಲಿ. ಇಲ್ಲವೆಂದಾದರೆ ಕಾರ್ಡನ್ನು ಮತ್ತೆ ಕವಚದ ಹಿಂದೆ ಸೇರಿಸಿ, ಬರಿಗೈಯಲ್ಲಿ ಅಂಗಡಿಯಿಂದ ಹೊರಗೆ ಬರಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.